ಕರಕರ ಸದ್ದನ್ನು ಗೆದ್ದ ಎಂಜಿನಿಯರ್



ಗುಡುಗು ಮಿಂಚಿನ ದಿನ ಮೀಡಿಯಂ ವೇವ್ ರೇಡಿಯೋ ಹಾಕಿದರೆ ಹಾಡಿಗಿಂತ ಕರಕರ ಸದ್ದೇ ಜಾಸ್ತಿ. ಎಫ್.ಎಂ.ಗೆ ತಿರುಗಿಸಿದರೆ ಹಾಡು ಸ್ಪಷ್ಟ. ಇದಕ್ಕಾಗಿ ನಾವು ನೆನೆಯಬೇಕಾದವರು ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರ್ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

1890ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು, 1912ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಕ್ಷೀಣ ಸಿಗ್ನಲ್ ಅನ್ನು ಹಲವು ಪಟ್ಟು ಬಲಗೊಳಿಸುವ ರಿಜನರೇಟಿವ್ ಸರ್ಕ್ಯೂಟ್ ರೂಪಿಸಿದರು. 1918ರಲ್ಲಿ, ಯುದ್ಧಕಾಲದ ಫ್ರಾನ್ಸ್‌ನಲ್ಲಿ ಸೇನಾಧಿಕಾರಿಯಾಗಿದ್ದಾಗ, ಸೂಪರ್‌ಹೆಟರೋಡೈನ್ ರಿಸೀವರ್ ಕಂಡುಹಿಡಿದರು. ಮುಂದೆ ಮನೆಮನೆಗೆ ಬಂದ ಹೆಚ್ಚಿನ ರೇಡಿಯೋ, ಟಿವಿಗಳು ಇದೇ ತತ್ತ್ವದಲ್ಲಿ ಕೆಲಸ ಮಾಡಿದವು.

ಆದರೆ ರಿಜನರೇಟಿವ್ ಸರ್ಕ್ಯೂಟ್ ತನ್ನದೆಂದು ಲೀ ಡಿ ಫಾರೆಸ್ಟ್ ವಾದಿಸಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪಿತ್ತಿತು. ಆ ಸಂಶೋಧನೆಗಾಗಿ ಸಿಕ್ಕಿದ್ದ ಪದಕವನ್ನು ಮರಳಿಸಲು ಆರ್ಮ್‌ಸ್ಟ್ರಾಂಗ್ ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ಸಭೆಗೆ ಹೋದರು. ಸಂಸ್ಥೆ ಅದನ್ನು ಹಿಂದೆ ಪಡೆಯಲಿಲ್ಲ. ಕೋರ್ಟಿನಲ್ಲಿ ಸೋತವರ ಪರವಾಗಿ ಜೊತೆಯ ಎಂಜಿನಿಯರುಗಳು ನಿಂತರು.

ಅಷ್ಟರಲ್ಲಿ, 1933ರ ಡಿಸೆಂಬರ್ 26ರಂದು, ಎಫ್.ಎಂ.ನ ಪೇಟೆಂಟ್‌ಗಳು ಅವರಿಗೆ ಸಿಕ್ಕಿದ್ದವು. ಎ.ಎಂ.ನಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುತ್ತದೆ. ಮಿಂಚು ಕೆಡಿಸುವುದೂ ಅದೇ ಎತ್ತರವನ್ನು. ಎಫ್.ಎಂ.ನಲ್ಲಿ ಬದಲಾಗುವುದು ಫ್ರೀಕ್ವೆನ್ಸಿ. ಎತ್ತರದಲ್ಲಿ ಸೇರಿಕೊಂಡ ಗಲಾಟೆಯನ್ನು ರಿಸೀವರ್ ಕತ್ತರಿಸಿ ಹಾಕುತ್ತದೆ.

ಆರ್‌ಸಿಎ ಕಂಪನಿ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಪ್ರಯೋಗಕ್ಕೆ ಜಾಗ ಕೊಟ್ಟಿತಾದರೂ, ಬಳಿಕ ಟಿವಿಗೆ ಒತ್ತುಕೊಟ್ಟು ಅವರನ್ನು ಹೊರಗೆ ಕಳಿಸಿತು. ಅವರು ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಗೋಪುರ ಕಟ್ಟಿದರು. 1945ರಲ್ಲಿ ಸರಕಾರ ಎಫ್.ಎಂ.ಗೆ ಬೇರೆ ಫ್ರೀಕ್ವೆನ್ಸಿಗಳನ್ನು ಕೊಟ್ಟಾಗ, ಜನ ಕೊಂಡಿದ್ದ ಹಳೆಯ ಸೆಟ್‌ಗಳು ಉಪಯೋಗಕ್ಕೆ ಬಾರದಾದವು. 1948ರಲ್ಲಿ ಅವರು ಆರ್‌ಸಿಎ ಮೇಲೆ ಮೊಕದ್ದಮೆ ಹೂಡಿದರು. ಹಣ ಕರಗಿತು, ಆರೋಗ್ಯ ಕುಸಿಯಿತು. ಪತ್ನಿ ಮೇರಿಯನ್ ಕೂಡ ದೂರವಿದ್ದರು. 1954ರ ಜನವರಿ ಕೊನೆಗೆ, ಒಂಟಿತನದಲ್ಲಿ, ಅವರು ತಮ್ಮ ಜೀವವನ್ನೇ ಕಳೆದುಕೊಂಡರು.

ಮೊಕದ್ದಮೆಗಳನ್ನು ಮುಂದುವರಿಸಿದವರು ಮೇರಿಯನ್. ಅದೇ ವರ್ಷ ಆರ್‌ಸಿಎ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಕೊನೆಯ ಮೊಕದ್ದಮೆ ಮುಗಿದದ್ದು 1967ರಲ್ಲಿ. ಗೆಲುವು ಆರ್ಮ್‌ಸ್ಟ್ರಾಂಗ್ ಅವರದೇ.

ನ್ಯಾಯ ಬಂತು, ಆದರೆ ತಡವಾಗಿ ಬಂತು. 1934ರಲ್ಲಿ ಅವರ ಜೊತೆ ನಿಲ್ಲುವವರಿದ್ದರು; 1954ರ ಆ ರಾತ್ರಿ ಯಾರೂ ಇರಲಿಲ್ಲ. ನಮ್ಮ ನಡುವೆ ಸೋತು ಮೌನವಾಗಿರುವ ಗೆಳೆಯರಿದ್ದರೆ, ತೀರ್ಪು ಬರುವ ತನಕ ಕಾಯದೆ ಇವತ್ತೇ ಹೋಗಿ ಮಾತಾಡಿಸೋಣ. ನಮಗೇ ಭಾರವಾದಾಗಲೂ ಒಬ್ಬರೇ ಹೊರದೆ, ಯಾರಲ್ಲಾದರೂ ಹೇಳಿಕೊಳ್ಳೋಣ.