‘ಪ್ರಭಾವ ಬೀರುವದು’: ಒಂದು ಕ್ರಿಯಾಪದದ ಪೂರ್ವಚರಿತ್ರೆ

ಇಂಗ್ಲಿಷಿನ ‘ಇನ್‌ಫ್ಲುಯೆನ್ಸ್’ ಎಂಬ ಪದವು ಲ್ಯಾಟಿನ್ ಮೂಲದ್ದು. ‘ಒಳಗೆ ಹರಿದುಬರುವದು’ ಎಂದು ಅದರ ಧಾತ್ವರ್ಥ. ಗ್ರಹನಕ್ಷತ್ರಗಳಿಂದ ಸೂಕ್ಷ್ಮವಾದೊಂದು ರಸವು ಇಳಿದುಬಂದು ಮನುಷ್ಯನ ಸ್ವಭಾವವನ್ನೂ ಭಾಗ್ಯವನ್ನೂ ರೂಪಿಸುವದೆಂದು ಯುರೋಪಿನ ಜ್ಯೋತಿಷಿಗಳು ನಂಬಿದ್ದರು. ಮೊದಲು ನಾಮಪದವಾಗಿದ್ದ ಈ ಶಬ್ದವು 17ನೆಯ ಶತಮಾನದಲ್ಲಿ ಕ್ರಿಯಾಪದವೂ ಆಯಿತು. ಅದರ ಇಟಲಿಯ ರೂಪವೇ ಜ್ವರವೊಂದರ ಹೆಸರಾಗಿ, 1918ರಲ್ಲಿ ಮುಂಬಯಿ ಇಲಾಖೆಯನ್ನು ತಲ್ಲಣಗೊಳಿಸಿದ ‘ಇನ್‌ಫ್ಲುಯೆಂಜಾ’.

ಕನ್ನಡದಲ್ಲಿ ಇದಕ್ಕೆ ಸಮನಾದ ಒಂದೇ ಕ್ರಿಯಾಪದವಿರಲಿಲ್ಲ. ಇದನ್ನು ಕೊರತೆಯೆಂದೆಣಿಸಲಾಗದು. ಮಾತು ಎದೆಗೆ ನಾಟುತ್ತದೆ, ಶಾಪ ತಟ್ಟುತ್ತದೆ, ದೃಷ್ಟಿ ತಾಗುತ್ತದೆ, ಗಾಳಿ ಸೋಕುತ್ತದೆ, ಸಹವಾಸದ ಗುಣ ಹತ್ತುತ್ತದೆ. ಯಾವುದು ಯಾವುದನ್ನು ಹೇಗೆ ಮುಟ್ಟಿತೆಂಬದು ಕ್ರಿಯಾಪದದಲ್ಲಿಯೇ ಅಡಗಿರುವದು. ಶಾಪವು ನಾಟಿತೆಂದಾಗಲಿ, ದೃಷ್ಟಿಯು ಹತ್ತಿತೆಂದಾಗಲಿ ಯಾವ ಅಜ್ಜಿಯೂ ಅನ್ನಲಾರಳು.

ಇಂಗ್ಲಿಷ್ ಕಲಿತವರ ಗದ್ಯವು ಬೆಳೆದಂತೆ ಈ ವಿವೇಕವೆಲ್ಲ ‘ಪ್ರಭಾವ ಬೀರು’, ‘ಪರಿಣಾಮ ಬೀರು’ ಎಂಬ ಎರಡೇ ಅಚ್ಚುಗಳಲ್ಲಿ ಕರಗಿತು. ‘ಪ್ರಭಾವ’ವಾದರೂ ಹಳೆಯ ಶಬ್ದವೇ, ಬೊಕ್ಕಸದಿಂದಲೂ ದಂಡಿನಿಂದಲೂ ಹುಟ್ಟುವ ಅರಸನ ತೇಜಸ್ಸೆಂದು ಅಮರಕೋಶವು ಅದನ್ನು ವಿವರಿಸುತ್ತದೆ. ‘ಪರಿಣಾಮ’ದ ಗತಿಯು ಇನ್ನೂ ವಿಚಿತ್ರವಾದುದು. ಸಾಂಖ್ಯರಲ್ಲಿ ಅದು ಪ್ರಕೃತಿಯ ರೂಪಾಂತರ. ಶರಣರ ವಚನಗಳಲ್ಲಿ ತೃಪ್ತಿ, ನೆಮ್ಮದಿ. ಇಂದಿನ ಅರ್ಥವನ್ನೇ ಹಿಡಿದು ವಚನವನ್ನೋದುವವನಿಗೆ ಶರಣನ ಸಂತೋಷವು ಬರಿಯ ಫಲಿತಾಂಶವಾಗಿ ತೋರೀತು! ಪದವು ಉಳಿದು ಅರ್ಥವು ಜಾರಿದಾಗ ಆಗುವ ಹಾನಿಯು ಸುಲಭವಾಗಿ ಕಣ್ಣಿಗೆ ಬೀಳದು.

ಗಡಿನಾಡಿನಲ್ಲಿ ಈ ಚರಿತ್ರೆಗೆ ಇನ್ನೊಂದು ಎಳೆಯುಂಟು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆಯೂ ಬೆಳಗಾವಿ, ಧಾರವಾಡ ಪ್ರಾಂತಗಳ ಕಚೇರಿಗಳಲ್ಲಿ ಬಹುಕಾಲ ಮರಾಠಿಯೇ ನಡೆಯಿತು. ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯು 1956ರ ನವೆಂಬರ 1ರ ವರೆಗೆ ಮುಂಬಯಿ ಸರಕಾರಕ್ಕೆ ಸೇರಿತ್ತು. ಬೇಡಕಿಹಾಳದಂತಹ ಊರುಗಳಲ್ಲಿ ಎರಡು ಭಾಷೆಗಳು ನೆರೆಹೊರೆಯಾಗಿ ಬಾಳಿವೆ. ದೊಡ್ಡವರ ಮಾತಿನ ಬಲದಿಂದ ಕೆಲಸ ಸಾಧಿಸುವವನು ಈ ಭಾಗದ ಕನ್ನಡದಲ್ಲಿ ‘ವಶೀಲಿ ಹಚ್ಚುತ್ತಾನೆ’; ಮರಾಠಿಯವರದು ‘ವಶಿಲಾ ಲಾವಣೆ’. ನಾಮಪದವೊಂದೇ ಅಲ್ಲ, ಹಚ್ಚುವ ಕ್ರಿಯೆಯೂ ಎರಡರಲ್ಲಿ ಒಂದೇ. ಒಂದು ಭಾಷೆಯು ಇನ್ನೊಂದಕ್ಕೆ ಹೇಗೆ ಹತ್ತುವದೆಂಬದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಗುವದು ಕಷ್ಟ. ಶಬ್ದದ ಮೂಲವಾದರೋ ಅರಬಿಯ ‘ವಸೀಲಾ’. ದೇವರ ಸಾಮೀಪ್ಯಕ್ಕೆ ಒಯ್ಯುವ ಸಾಧನವೆಂಬ ಅರ್ಥವೂ ಅದಕ್ಕೆ ಅಲ್ಲಿ ಉಂಟು. ಇಲ್ಲಿ ಅದು ಕಚೇರಿಯ ಕಾರಕೂನನ ಸಾಮೀಪ್ಯಕ್ಕೆ ಸಾಕಾಗಿದೆ.