ತಡ್ಪೆಯ ಎರಡು ಕೆಲಸ: ತುಳುನಾಡಿನ ಶ್ರಮಜೀವಿ ಮಹಿಳೆಯೊಬ್ಬರ ಬದುಕು

ಕರಾವಳಿಯ ಕಾರ್ಮಿಕ ಚರಿತ್ರೆಯನ್ನು ಬರೆದವರು ಹೆಂಚಿನ ಕಾರ್ಖಾನೆ, ಬಂದರು, ಮುಷ್ಕರಗಳಿಗೆ ಕೊಟ್ಟಷ್ಟು ಗಮನವನ್ನು ಮನೆಯ ಜಗಲಿಗೆ ಕೊಟ್ಟಿಲ್ಲ. ಅಲ್ಲಿ ಕುಳಿತು ಬೀಡಿ ಕಟ್ಟಿದವರ ದುಡಿಮೆಗೆ ಬರಹದ ಸಾಕ್ಷ್ಯವೆಂದರೆ ಗುತ್ತಿಗೆದಾರ ಗುರುತು ಹಾಕಿದ ಪಾಸ್‌ಪುಸ್ತಕ; ಉಳಿದುದನ್ನು ನೆನಪಿನಿಂದಲೇ ಹೆಕ್ಕಬೇಕು. ಈ ಲೇಖನಕ್ಕೆ ಆಧಾರವಾದವರು ಬಂಟ್ವಾಳ ತಾಲೂಕಿನ, ಎಂಬತ್ತು ದಾಟಿದ ಒಬ್ಬ ವಕ್ತೃ.

ಇವರ ದುಡಿಮೆ ಆರಂಭವಾದುದು ಗದ್ದೆಯಲ್ಲಿ. ಬಾಲ್ಯದಲ್ಲಿಯೇ ತಾಯಿಯೊಡನೆ ಧಣಿಗಳ ಗದ್ದೆಗಿಳಿದು ನೇಜಿ ನೆಟ್ಟರು. ಕೂಲಿ ಅಕ್ಕಿಯ ರೂಪದಲ್ಲಿ ದೊರೆಯುತ್ತಿತ್ತು. ಸಾಲಿನಲ್ಲಿ ಒಬ್ಬಳು ಹೇಳಿಕೊಟ್ಟರೆ ಉಳಿದವರು ಸೊಲ್ಲೆತ್ತಿಕೊಳ್ಳುತ್ತಿದ್ದರು. ಕಬಿತ, ಪಾಡ್ದನಗಳೆರಡನ್ನೂ ಇವರು ಕಲಿತದ್ದು ಅಲ್ಲಿಯೇ. ಹಾಡಿನ ನಡೆಯೂ ಕೈಯ ನಡೆಯೂ ಒಂದೇ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಒಡೆತನದ ದಾರಿ ತೆರೆಯಿತು. ಗೇಣಿಯ ಹಕ್ಕೇ ಇಲ್ಲದ ಕೂಲಿಯಾಳಿಗೆ ಆ ದಾರಿ ಇರಲಿಲ್ಲ. ನಮ್ಮ ವಕ್ತೃ ಅಷ್ಟರಲ್ಲಾಗಲೇ ಬೀಡಿ ಕಟ್ಟಲು ಕಲಿತಿದ್ದರು. ಭತ್ತ ಗೇರುತ್ತಿದ್ದ ತಡ್ಪೆ, ಅಂದರೆ ಗೆರಸೆ, ಈಗ ತೊಡೆಯೇರಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಕತ್ತರಿಗಳಿಗೆ ನೆಲೆಯಾಯಿತು. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಪುಡಿಯಿಟ್ಟು ಸುತ್ತಿ, ತುದಿ ಮಡಚಿ ನೂಲು ಬಿಗಿಯಬೇಕು. ಮಜೂರಿ ಸಾವಿರಕ್ಕೆ ಇಷ್ಟೆಂದು. ಬ್ರಾಂಚಿನಲ್ಲಿ ಕೆಟ್ಟದ್ದೆಂದು ತೆಗೆದುಹಾಕಿದ ಬೀಡಿಯ ಶ್ರಮಕ್ಕೆ ಬೆಲೆಯಿಲ್ಲ.

ಬೀಡಿ ಕಟ್ಟುವಾಗ ಇವರು ಹಾಡಲಿಲ್ಲ. ಹಾಡಿಗೆ ಮನಸ್ಸು ಕೊಟ್ಟರೆ ಲೆಕ್ಕ ತಪ್ಪುತ್ತದೆಂಬುದು ಅವರು ಕೊಡುವ ಕಾರಣ. ಶ್ರಮಗೀತೆಗಳ ಅಳಿವಿಗೆ ರೇಡಿಯೋ, ಸಿನಿಮಾಗಳನ್ನು ಹೊಣೆ ಮಾಡುವುದು ನಮ್ಮ ವಿದ್ವತ್ತಿನ ರೂಢಿ. ಕೂಲಿ ಕೊಡುವ ಕ್ರಮವನ್ನು ನಾವು ಅಷ್ಟಾಗಿ ಪರಿಶೀಲಿಸಿಲ್ಲ. ಹಾಗೆಂದು ಬೀಡಿಯ ಕೆಲಸವೇ ಮೌನದ ಕೆಲಸವೆನ್ನಲಾಗದು. ನೆರೆಯ ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಸಾಲಾಗಿ ಕುಳಿತ ಕಾರ್ಮಿಕರಿಗೆ ಒಬ್ಬಾತ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. 1969ರಲ್ಲಿ ಅಲ್ಲಿ ಕಾರ್ಮಿಕರದೇ ಸಹಕಾರ ಸಂಘವೂ ಹುಟ್ಟಿತು. ಅಲ್ಲಿ ಒಟ್ಟಿಗೆ ಕೂರುವ ಚಪ್ಪರವಿತ್ತು. ಇಲ್ಲಿ ಪ್ರತಿಯೊಬ್ಬಳೂ ತನ್ನ ಜಗಲಿಯಲ್ಲಿ, ಒಲೆಗೂ ತೊಟ್ಟಿಲಿಗೂ ನಡುವೆ ಒಂಟಿ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಮಾಲೀಕರು ಅದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿದದ್ದು ಭೂಸುಧಾರಣೆಯ ವರ್ಷವಾದ 1974ರಲ್ಲಿಯೇ. ನೆಲ ಸಿಗದವಳಿಗೆ ಕನಿಷ್ಠ ಕಾರ್ಮಿಕಳೆಂಬ ಹೆಸರು ಉಳಿಯಿತು. 1976ರಲ್ಲಿ ಬಂದ ಕ್ಷೇಮಾಭಿವೃದ್ಧಿ ಸೆಸ್ 2017ರಲ್ಲಿ ರದ್ದಾಯಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ 1966ರ ಕಾಯಿದೆಯೂ ಅವುಗಳಲ್ಲಿ ಕರಗಿತು. ತನ್ನನ್ನು ಕಾರ್ಮಿಕಳೆಂದು ಗುರುತಿಸಿದ ಕಾಯಿದೆಗಿಂತ ಮೊದಲೇ ಹುಟ್ಟಿದ ಈಕೆ ಅದರ ಕೊನೆಯನ್ನೂ ಕಂಡರು.

ಮನೆಯಲ್ಲಿ ಉಳಿದಿರುವ ಪಾಸ್‌ಪುಸ್ತಕ ಒಂದೇ. ಅದರಲ್ಲಿರುವುದು ಸೊಸೆಯ ಹೆಸರು; ಆ ಲೆಕ್ಕದ ಬೀಡಿಗಳನ್ನು ಕಟ್ಟಿದವರು ಇಬ್ಬರೂ.