ಕಾಸ್, ಯೋಹಾನ್ ಓಲಾವ್

(1968- ). ನಾರ್ವೆಯ ವೇಗ ಸ್ಕೇಟಿಂಗ್ ಪಟು, ವೈದ್ಯ. ಮಕ್ಕಳಿಗೆ ಆಟದ ಮೂಲಕ ನೆರವಾಗುವ ರೈಟ್ ಟು ಪ್ಲೇ ಸಂಸ್ಥೆಯ ಸ್ಥಾಪಕ. ಹುಟ್ಟಿದ್ದು ಡ್ರಾಮೆನ್ ಪಟ್ಟಣದಲ್ಲಿ, ಅಕ್ಟೋಬರ್ 29ರಂದು. ಒಲಿಂಪಿಕ್ಸ್‌ನಲ್ಲಿ 4 ಚಿನ್ನ, 1 ಬೆಳ್ಳಿ ಗೆದ್ದಿದ್ದಾರೆ. 1990, 1991 ಮತ್ತು 1994ರಲ್ಲಿ ಸರ್ವಾಂಗೀಣ ವಿಶ್ವ ಚಾಂಪಿಯನ್ ಆಗಿದ್ದರು.

ವೇಗ ಸ್ಕೇಟಿಂಗ್‌ನಲ್ಲಿ 400 ಮೀಟರ್ ಸುತ್ತಳತೆಯ ಮಂಜುಗಡ್ಡೆಯ ಪಥದ ಮೇಲೆ ಇಬ್ಬಿಬ್ಬರನ್ನೇ ಬಿಡುತ್ತಾರೆ. ಪಕ್ಕದವನನ್ನು ಹಿಂದಿಕ್ಕಿದರೆ ಸಾಲದು. ಎಲ್ಲ ಜೋಡಿಗಳ ಓಟ ಮುಗಿದ ಮೇಲೆ ಯಾರ ಸಮಯ ಕಡಿಮೆಯೋ ಗೆಲುವು ಅವರದು. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗೆ ಕೆಲವೇ ದಿನ ಮೊದಲು ಕಾಸ್ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದರು. 5,000 ಮೀಟರ್‌ನಲ್ಲಿ ಏಳನೆಯವರಾದರು. ಅದಾಗಿ ಮೂರೇ ದಿನಕ್ಕೆ 1,500 ಮೀಟರ್ ಚಿನ್ನ ಅವರ ಪಾಲಾಯಿತು. ಸ್ವದೇಶದ ಓಡ್ನೆ ಸೋಂಡ್ರೋಲ್‌ಗಿಂತ ಮುಂದಿದ್ದದ್ದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಮಾತ್ರ. 10,000 ಮೀಟರ್‌ನಲ್ಲಿ ಬೆಳ್ಳಿ ಬಂತು.

1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್ ತವರಿನದೇ. ಸ್ಕೇಟಿಂಗ್ ನಡೆದದ್ದು ಹಾಮಾರ್ ಊರಿನಲ್ಲಿ, ಬೋರಲು ಹಾಕಿದ ವೈಕಿಂಗ್ ಹಡಗಿನಂಥ ಚಾವಣಿಯ ಕೆಳಗೆ. ಕಾಸ್ ಅಲ್ಲಿ 5,000, 1,500, 10,000 ಮೀಟರ್ ಮೂರರಲ್ಲೂ ವಿಶ್ವದಾಖಲೆಯೊಂದಿಗೆ ಗೆದ್ದರು. ಕೊನೆಯದಂತೂ ಸ್ಪರ್ಧೆಯಾಗಿ ಉಳಿಯಲೇ ಇಲ್ಲ: 13 ನಿಮಿಷ 30.55 ಸೆಕೆಂಡುಗಳಲ್ಲಿ ಮುಗಿಸಿದ ಅವರಿಗೂ ಎರಡನೆಯವರಿಗೂ ಸುಮಾರು 19 ಸೆಕೆಂಡುಗಳ ಅಂತರವಿತ್ತು. ಹಿಮ್ಮಡಿಯ ಬಳಿ ಬಿಚ್ಚಿಕೊಳ್ಳುವ ಹೊಸ ಬಗೆಯ ಸ್ಕೇಟುಗಳು ಬಂದು ಆಟದ ಲೆಕ್ಕವನ್ನೇ ಬದಲಿಸಿದ ಮೇಲೆ, 1998ರ ನಾಗಾನೊದಲ್ಲಿ, ಆ ದಾಖಲೆ ಅಳಿಯಿತು.

ಆದರೆ ಅವರ ಬದುಕಿನ ತಿರುವು ಇರುವುದು ಲಿಲ್ಲೆಹ್ಯಾಮರ್ ಗೆಲುವುಗಳಿಗೂ ಮೊದಲು, 1993ರಲ್ಲಿ, ಎರಿಟ್ರಿಯಾದಲ್ಲಿ. ಲಿಲ್ಲೆಹ್ಯಾಮರ್ ಸಂಘಟಕರು ಕಟ್ಟಿದ್ದ ಒಲಿಂಪಿಕ್ ಏಡ್ ನಿಧಿಯ ರಾಯಭಾರಿಯಾಗಿ, ಯುದ್ಧದಿಂದ ಆಗಷ್ಟೇ ಹೊರಬಂದಿದ್ದ ಆ ನಾಡಿಗೆ ಹೋದರು. ಅಲ್ಲಿ ಒಬ್ಬ ಹುಡುಗನಿಗೆ ಜೊತೆಗಾರರಲ್ಲಿ ಭಾರಿ ಬೆಲೆ. ಕಾರಣ ಅವನ ಉದ್ದ ತೋಳಿನ ಅಂಗಿ: ಅದನ್ನು ಕಳಚಿ ಸುತ್ತಿ, ತೋಳುಗಳಿಂದ ಬಿಗಿದರೆ ಚೆಂಡಾಗುತ್ತಿತ್ತು.

ಲಿಲ್ಲೆಹ್ಯಾಮರ್‌ನಲ್ಲಿ 1,500 ಮೀಟರ್ ಗೆದ್ದಾಗ ಕಾಸ್ ಆ ಗೆಲುವಿಗೆ ಸಿಕ್ಕ ಸುಮಾರು 30,000 ಡಾಲರ್‌ಗಳನ್ನು ಈ ನಿಧಿಗೆ ಕೊಟ್ಟು, ದೇಶ ಗೆಲ್ಲುವ ಪ್ರತಿ ಚಿನ್ನಕ್ಕೂ ಹತ್ತು ಕ್ರೋನರ್ ಕೊಡಿ ಎಂದು ನಾರ್ವೆಯ ಜನರನ್ನು ಕೇಳಿದರು. ನಿಧಿಗೆ ಒಟ್ಟು 1 ಕೋಟಿ 80 ಲಕ್ಷ ಡಾಲರ್ ಸೇರಿತು. ಮುತ್ತಿಗೆಗೆ ಸಿಕ್ಕಿದ್ದ ಸರಾಯೆವೊ ನಗರಕ್ಕೂ ನೆರವು ಹೋಯಿತು. ಬಳಿಕ ಅವರು ವಿಮಾನದ ತುಂಬ ಆಟದ ಸಾಮಾನು ಹೇರಿಕೊಂಡು ಎರಿಟ್ರಿಯಾಕ್ಕೆ ಮರಳಿದಾಗ, ಹಸಿದವರಿಗೆ ಚೆಂಡೇ ಎಂಬ ಟೀಕೆ ಕೇಳಬೇಕಾಯಿತು. ಟೀಕೆ ಅನ್ಯಾಯವೇನಲ್ಲ, ಚೆಂಡು ಹೊಟ್ಟೆ ತುಂಬಿಸದು. ಆದರೆ ಆ ಮಕ್ಕಳಿಗೆ ಆಡಬೇಕೆಂಬ ಹಸಿವೂ ಇತ್ತೆಂಬುದಕ್ಕೆ ಅಂಗಿಯ ಚೆಂಡೇ ಸಾಕ್ಷಿ.

ಸ್ಪರ್ಧೆಗಳಿಂದ ನಿವೃತ್ತರಾದ ಕಾಸ್ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಪದವಿ ಪಡೆದರು. ಹಣ ಕೂಡಿಸಿ ಹಂಚುತ್ತಿದ್ದ ಒಲಿಂಪಿಕ್ ಏಡ್ ಅನ್ನು ತಾನೇ ಕ್ಷೇತ್ರಕ್ಕಿಳಿದು ದುಡಿಯುವ ಸಂಸ್ಥೆಯಾಗಿ 2000ದಲ್ಲಿ ಮಾರ್ಪಡಿಸಿದರು. ಮೊದಲ ಕೆಲಸ ಅಂಗೋಲ ಮತ್ತು ಐವರಿ ಕೋಸ್ಟ್‌ನ ನಿರಾಶ್ರಿತ ಶಿಬಿರಗಳಲ್ಲಿ. 2003ರಲ್ಲಿ ರೈಟ್ ಟು ಪ್ಲೇ ಎಂದು ಹೆಸರು ಬದಲಾಯಿತು. ಕೇಂದ್ರ ಕಚೇರಿ ಕೆನಡಾದ ಟೊರಾಂಟೊ. ಸ್ಥಳೀಯ ತರುಣ ತರುಣಿಯರಿಗೆ ತರಬೇತಿ ಕೊಟ್ಟು, ಲಸಿಕೆ, ಮಲೇರಿಯ, ಎಚ್‌ಐವಿಯಂಥ ವಿಷಯಗಳನ್ನು ಆಟದೊಳಗೇ ಹೆಣೆದು ಕಲಿಸುವುದು ಅದರ ರೀತಿ. 1999ರಿಂದ 2002ರವರೆಗೆ ಕಾಸ್ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆಗಿದ್ದರು.

1994ರ ಆ ಓಟಗಳನ್ನು ನೋಡಿ ಮಂಜುಗಡ್ಡೆಗೆ ಇಳಿದವರಲ್ಲಿ ಅಮೆರಿಕದ ಜೋಯಿ ಚೀಕ್ ಒಬ್ಬರು. 2006ರ ಟುರಿನ್‌ನಲ್ಲಿ 500 ಮೀಟರ್ ಚಿನ್ನ ಗೆದ್ದ ಅವರು ತಮ್ಮ 25,000 ಡಾಲರ್ ಬಹುಮಾನವನ್ನು ಡಾರ್ಫರ್‌ನ ನಿರಾಶ್ರಿತ ಮಕ್ಕಳಿಗೆಂದು ಕಾಸ್ ಅವರ ಸಂಸ್ಥೆಗೆ ಕೊಟ್ಟರು.